ಸಿಗ್ನಲ್ ಅವರದ್ದಿರ್ಲಿ, ರೆಕಾರ್ಡರ್ ನಮ್ದೇ ಆಗಿರ್ಲಿ

ಇಲ್ಲಿ ಅಮೆರಿಕಾದಲ್ಲಿ ತಿಂಗಳಾ ತಿಂಗಳಾ ದುಡ್ಡು ಕಟ್ಟಿ ಟಿವಿ ನೋಡೋ ಮನೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮನೆಯವರು ಕಂಪನಿಯವರ ಡಬ್ಬಾನೇ, ಅಂದ್ರೆ ಸೆಟ್ ಟಾಪ್ ಬಾಕ್ಸನ್ನೇ, ಬಾಡಿಗೆಗೆ ಇಟ್ಕೊಂಡಿದ್ದಾರೆ ಅನ್ನೋ ಲೆಕ್ಕ 2015ರಲ್ಲಿ ಹೊರಗೆ ಬಂತು. ಎಡ್ ಮಾರ್ಕಿ, ರಿಚರ್ಡ್ ಬ್ಲೂಮೆಂಥಾಲ್ ಅಂತ ಇಬ್ಬರು ಸೆನೆಟರ್‌ಗಳು ಕಂಪನಿಗಳನ್ನೇ ಕೇಳಿ ತರಿಸ್ಕೊಂಡ ಲೆಕ್ಕ ಅದು, ಒಂದು ಮನೆಗೆ ವರ್ಷಕ್ಕೆ ಸರಾಸರಿ 231 ಡಾಲರ್ ಬರೀ ಡಬ್ಬದ ಬಾಡಿಗೆಗೇ ಹೋಗ್ತಿತ್ತು. ಚಾನೆಲ್ಲಿನ ದುಡ್ಡು ಬೇರೆ. ಹತ್ತು ವರ್ಷ ಬಾಡಿಗೆ ಕಟ್ಟಿದ್ರೂ ಕೊನೇಲಿ ಡಬ್ಬ ವಾಪಸ್ ಕೊಡಬೇಕು, ಅದರೊಳಗೆ ರೆಕಾರ್ಡ್ ಮಾಡಿಟ್ಟಿದ್ದೆಲ್ಲ ಅದರ ಜೊತೇಲೇ ಹೋಗುತ್ತೆ.

ನಾನು ಆ ಉಳಿದ ಒಂದು ಮನೆಯವನು. ನ್ಯೂಜೆರ್ಸಿಯಲ್ಲಿ ವೆರೈಝನ್ ಫೈಯೋಸ್ ಫೈಬರ್ ಟಿವಿ, ಅದಕ್ಕೆ ಹಾಕಿರೋದು ನಾನೇ ಅಂಗಡೀಲಿ ಕೊಂಡ ಟೀವೋ ರೋಮಿಯೋ ಪ್ಲಸ್ ಅನ್ನೋ ಟಿವಿ ರೆಕಾರ್ಡರ್. ಸ್ನೇಹಿತರ ಹತ್ರ ಹೇಳಿದ್ರೆ ಫೈಬರ್‌ಗೆ ಬೇರೆಯವರ ರೆಕಾರ್ಡರ್ ಹಾಕಕ್ಕಾಗುತ್ತಾ ಅಂತಾರೆ, ಇಲ್ಲಿ ಹುಟ್ಟಿ ಬೆಳೆದವರೂ ಅದನ್ನೇ ಕೇಳ್ತಾರೆ. ಆಗುತ್ತೆ, ಆದರೆ ಎಲ್ಲಾ ಫೈಬರ್‌ಗೂ ಆಗಲ್ಲ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಇಡೀ ವಿಷಯ ನಿಂತಿರೋದೇ ಅದರ ಮೇಲೆ.

ಫೈಯೋಸ್ ಟಿವಿ 2005ರಲ್ಲಿ ಟೆಕ್ಸಾಸ್‌ನ ಕೆಲ್ಲರ್ ಅನ್ನೋ ಊರಲ್ಲಿ ಶುರುವಾಯ್ತು. ಮನೆಗೆ ಬರೋದು ಗಾಜಿನ ಎಳೆ ಒಂದೇ, ಆದರೆ ಅದರಲ್ಲಿ ಬೆಳಕು ಬೇರೆ ಬೇರೆ ತರಂಗಾಂತರದಲ್ಲಿ ಹರಿಯುತ್ತೆ, ಇಂಟರ್ನೆಟ್ಟಿಗೆ 1490 ಮತ್ತೆ 1310 ನ್ಯಾನೋಮೀಟರ್, ಟಿವಿಗೇ ಅಂತ ಪ್ರತ್ಯೇಕವಾಗಿ 1550. ಗೋಡೆಗೆ ಹೊಡೆದಿರೋ ಓಎನ್‌ಟಿ ಡಬ್ಬದೊಳಗೆ ಆ 1550ರ ಬೆಳಕು ಮಾಮೂಲಿ ಕೇಬಲ್ ಸಿಗ್ನಲ್ ಆಗಿ ಬದಲಾಗಿ ಕೋಆಕ್ಸ್ ವೈರಿಗೆ, ಅಂದ್ರೆ ಮಾಮೂಲಿ ಕೇಬಲ್ ಟಿವಿ ವೈರಿಗೆ, ಇಳಿಯುತ್ತೆ. ಅಂದ್ರೆ ಮನೆ ಗೋಡೆವರೆಗೂ ಫೈಬರ್, ಮನೆಯೊಳಗೆ ಬಂದ ಮೇಲೆ ಅದು ಕೇಬಲ್ ಟಿವಿನೇ. ಹಾಗಾಗಿ ಕೇಬಲ್‌ಗೆ ಅಂತ ಮಾಡಿದ ರೆಕಾರ್ಡರ್ ಇದಕ್ಕೂ ಸರಿಯಾಗಿ ಕೂರುತ್ತೆ. ಎಟಿ ಅಂಡ್ ಟಿಯವರ ಯೂವರ್ಸ್, ಗೂಗಲ್ ಫೈಬರ್ ಟಿವಿ ಇವೆಲ್ಲ ಇಂಟರ್ನೆಟ್ ಪ್ಯಾಕೆಟ್ ರೂಪದಲ್ಲಿ ಟಿವಿ ಕಳಿಸ್ತಿದ್ದವು, ಅಲ್ಲಿ ಟೀವೋ ನಡೀತಿರಲಿಲ್ಲ, ಅವರು ಕೊಟ್ಟ ಡಬ್ಬಾನೇ ಗತಿಯಾಗಿತ್ತು.

ದುಡ್ಡು ಕಟ್ಟಿದವರಿಗಷ್ಟೇ ಕಾಣ್ಲಿ ಅಂತ ಚಾನೆಲ್‌ಗಳಿಗೆ ಕಂಪನಿ ಹಾಕಿರೋ ಬೀಗ ತೆಗೆಯೋದು ಕೇಬಲ್ ಕಾರ್ಡ್. ನೋಡಕ್ಕೆ ಹಳೇ ಲ್ಯಾಪ್‌ಟಾಪಿನ ಪಕ್ಕದಲ್ಲಿ ತೂರಿಸ್ತಿದ್ವಲ್ಲ ಆ ಕಾರ್ಡಿನ ತರಾನೇ, ಲೋಹದ ಮೈ, ಒಂದು ತುದೀಲಿ ಸಾಲಾಗಿ ಸಣ್ಣ ಸಣ್ಣ ತೂತು. ಅದನ್ನ ಮಾತ್ರ ಕಂಪನಿಯಿಂದ ಬಾಡಿಗೆಗೆ ತಗೋಬೇಕಿತ್ತು, ತಿಂಗಳಿಗೆ ಕೆಲವೇ ಡಾಲರ್. ಟೀವೋದ ಸ್ಲಾಟಿಗೆ ತಳ್ಳಿದ್ರೆ ಟಿವಿ ಪರದೆ ಮೇಲೆ ಕಾರ್ಡ್ ಐಡಿ, ಹೋಸ್ಟ್ ಐಡಿ, ಡೇಟಾ ಅಂತ ಉದ್ದುದ್ದ ಅಂಕಿಗಳು ಬರುತ್ವೆ, ಅದನ್ನ ಕಂಪನಿಗೆ ತಿಳಿಸಬೇಕು, ಅವರು ಅಲ್ಲಿಂದ ಆ ಕಾರ್ಡು ಈ ಡಬ್ಬ ಎರಡನ್ನೂ ಜೋಡಿ ಮಾಡ್ತಾರೆ. ಪರದೆ ಮೇಲೆ ವ್ಯಾಲ್ ಅನ್ನೋದರ ಮುಂದೆ ಇದ್ದ ಪ್ರಶ್ನೆ ಚಿಹ್ನೆ ಹೋಗಿ ಇಂಗ್ಲಿಷಿನ ವಿ ಅಕ್ಷರ ಕೂತ್ರೆ ಮುಗೀತು, ಕೆಲಸ ಆದ ಹಾಗೆ. ಒಂದೇ ಕಾರ್ಡು ಒಂದೇ ಸಲಕ್ಕೆ ಆರು ಚಾನೆಲ್ ಬಿಡಿಸುತ್ತೆ, ರೋಮಿಯೋ ಪ್ಲಸ್‌ನಲ್ಲಿ ಚಾನೆಲ್ ಹಿಡಿಯೋ ಟ್ಯೂನರೂ ಆರು, ಅಂದ್ರೆ ಆರು ಕಾರ್ಯಕ್ರಮ ಒಟ್ಟಿಗೆ ರೆಕಾರ್ಡ್ ಆಗುತ್ತೆ. ಇನ್ನೊಂದು ರೂಮಿನ ಟಿವಿಗೆ ಟೀವೋ ಮಿನಿ ಅಂತ ಚಿಕ್ಕದೊಂದು ಸಿಗ್ತಿತ್ತು, ಅದಕ್ಕೆ ಕಾರ್ಡೂ ಬೇಡ ಬಾಡಿಗೆನೂ ಬೇಡ, ಅದೇ ಕೋಆಕ್ಸ್ ವೈರಲ್ಲೇ ದೊಡ್ಡಣ್ಣನಿಂದ ಎಲ್ಲಾ ತಗೊಳುತ್ತೆ.

ಇದಕ್ಕೆ ಮುಂಚೆ ಇದ್ದ ಊರಲ್ಲಿ ಬೇರೊಂದು ಕೇಬಲ್ ಕಂಪನಿ ಇತ್ತು. ಕಾರ್ಡ್ ಕೇಳಿದ್ರೆ ಫೋನ್ ಎತ್ತಿದವರಿಗೆ ಅದು ಏನು ಅಂತಾನೇ ಗೊತ್ತಿಲ್ಲ, ನಮ್ಮ ಡಬ್ಬಾನೇ ತಗೊಳಿ ಸರ್ ಅಂತ ಅದೇ ಮಾತು. ಕಡೆಗೆ ಕಾರ್ಡ್ ಬಂದ ಮೇಲೂ ಟ್ಯೂನಿಂಗ್ ಅಡಾಪ್ಟರ್ ಅಂತ ಇನ್ನೊಂದು ಡಬ್ಬ ಯುಎಸ್‌ಬಿಗೆ ಸಿಕ್ಕಿಸಬೇಕಾಯ್ತು, ಯಾಕಂದ್ರೆ ಅವರು ಎಲ್ಲಾ ಚಾನೆಲ್ಲನ್ನೂ ಸದಾ ಕಳಿಸ್ತಿರಲಿಲ್ಲ, ಯಾರಾದ್ರೂ ಕೇಳಿದ್ರೆ ಮಾತ್ರ ಆ ಚಾನೆಲ್ ಬೀದಿಗೆ ಬಿಡೋರು, ಕೇಳೋ ಕೆಲಸ ಆ ಅಡಾಪ್ಟರ್‌ದು. ಅದು ರಾತ್ರಿ ಹೊತ್ತು ಸ್ತಬ್ಧ ಆಗಿಬಿಟ್ರೆ ಬೆಳಿಗ್ಗೆ ರೆಕಾರ್ಡಿಂಗ್ ಜಾಗದಲ್ಲಿ ಕಪ್ಪು ಪರದೆ. ಫೈಯೋಸ್‌ನಲ್ಲಿ ಈ ಕಾಟ ಇಲ್ಲ, ಎಲ್ಲಾ ಚಾನೆಲ್ಲೂ ಎಲ್ಲಾ ಹೊತ್ತೂ ವೈರಲ್ಲಿರುತ್ತೆ, ಟ್ಯೂನ್ ಮಾಡಿದ್ರೆ ಸಿಗುತ್ತೆ ಅಷ್ಟೇ. ಬೇರೆಯವರ ರೆಕಾರ್ಡರ್ ಇಟ್ಕೊಳೋರಿಗೆ ಫೈಯೋಸ್ ಒಳ್ಳೇದು ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ, ಸ್ಪೀಡಿಗಲ್ಲ.

ಸುಮ್ನೆ ಬಂದಿದ್ದಲ್ಲ ಈ ಅನುಕೂಲ. 1968ರಲ್ಲಿ ಕಾರ್ಟರ್‌ಫೋನ್ ತೀರ್ಪಲ್ಲಿ, ಇಲ್ಲಿ ಫೋನು ಟಿವಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ ಎಫ್‌ಸಿಸಿ, ಫೋನ್ ಲೈನಿಗೆ ಕಂಪನಿಯದ್ದಲ್ಲದ ಸಾಧನ ಹಾಕಬಹುದು ಅಂದಿತ್ತು, ಆಮೇಲೆ ತಾನೇ ಅಂಗಡೀಲಿ ಫೋನು ಮೋಡೆಮ್ಮು ಎಲ್ಲಾ ಸಿಗಕ್ಕೆ ಶುರುವಾಗಿದ್ದು. ಅದೇ ದಾರೀಲಿ 1996ರ ಟೆಲಿಕಾಂ ಕಾಯ್ದೆಯ 629ನೇ ಸೆಕ್ಷನ್, ಟಿವಿ ಡಬ್ಬಾನೂ ಹೊರಗಡೆ ಅಂಗಡೀಲಿ ಸಿಗೋ ಹಾಗೆ ನೋಡ್ಕೊಳಿ ಅಂತ ಎಫ್‌ಸಿಸಿಗೆ ಹೇಳ್ತು. 2007ರ ಜುಲೈ 1ರಿಂದ ಕೇಬಲ್ ಕಂಪನಿಗಳು ತಮ್ಮ ಹೊಸ ಡಬ್ಬಗಳಿಗೂ ಅದೇ ಕಾರ್ಡ್ ಹಾಕಬೇಕು ಅಂತ ನಿಯಮ ಬಂತು. ಇದು ನನ್ನ ಪ್ರಕಾರ ಬಹಳ ಒಳ್ಳೇ ನಿಯಮ, ಯಾಕಂದ್ರೆ ಕಾರ್ಡ್ ಕೆಟ್ರೆ ಅವರ ಸ್ವಂತ ಡಬ್ಬಾನೂ ಕೆಡುತ್ತೆ, ಆಗ ಅವರೇ ರಿಪೇರಿಗೆ ಓಡಿ ಬರ್ತಾರೆ, ನಮ್ಮನ್ನ ಬೇರೆ ಪಂಕ್ತೀಲಿ ಕೂರಿಸೋ ಹಾಗಿಲ್ಲ. ಇಲ್ಲಿನ ಸಂಸತ್ತು 2014ರ ಒಂದು ಕಾಯ್ದೆಯಲ್ಲಿ ಅದನ್ನೇ ತೆಗೆದು ಹಾಕ್ತು, 2015ರ ಡಿಸೆಂಬರ್‌ನಿಂದ ನಿಯಮ ಇಲ್ಲ. 2016ರಲ್ಲಿ ಎಫ್‌ಸಿಸಿ ಅಧ್ಯಕ್ಷ ಟಾಮ್ ವೀಲರ್ ಮತ್ತೆ ಡಬ್ಬವನ್ನ ಕಂಪನಿಗಳ ಹಿಡಿತದಿಂದ ಬಿಡಿಸೋ ಪ್ರಸ್ತಾಪ ತಂದ್ರು, ಸೆಪ್ಟೆಂಬರ್‌ನಲ್ಲಿ ಮತಕ್ಕೆ ಹಾಕೋ ದಿನವೇ ಹಿಂದಕ್ಕೆ ತಗೊಂಡ್ರು. 2020ರಲ್ಲಿ ಕಾರ್ಡಿನ ಬಗ್ಗೆ ಉಳಿದಿದ್ದ ನಿಯಮಗಳೂ ಹೋದವು.

ಈಗ ನಮ್ಮೂರಿನ ಕಡೆ ನೋಡೋಣ. ಮೈಸೂರಲ್ಲಿ ಅಣ್ಣನ ಮನೆಗೆ ಹೋದಾಗ ಅಟ್ಟದ ಮೇಲೆ ಹಳೇ ಸೆಟ್ ಟಾಪ್ ಬಾಕ್ಸ್‌ಗಳು ಧೂಳು ಹಿಡಿದು ಬಿದ್ದಿದ್ವು. ಯಾಕಣ್ಣ ಎಸೆದಿಲ್ಲ ಅಂದ್ರೆ, "ದುಡ್ಡು ಕೊಟ್ಟು ತಗೊಂಡಿದ್ದು ಕಣೋ, ಎಸೆಯಕ್ಕೆ ಮನಸ್ಸು ಬರಲ್ಲ, ಆದ್ರೆ ಕಂಪನಿ ಬದಲಾಯಿಸಿದ ಮೇಲೆ ಅದರಿಂದ ಏನೂ ಬರಲ್ಲ" ಅಂದ. ನನಗೆ ಬಹಳ ಕಾಡಿದ್ದು ಆ ಮಾತು. ಅಮೆರಿಕಾದಲ್ಲಿ ಬಹಳ ಜನಕ್ಕೆ ಡಬ್ಬ ಸ್ವಂತದ್ದಲ್ಲ, ಆದರೆ ಬೇಕು ಅಂದವನಿಗೆ ಸ್ವಂತ ಡಬ್ಬದ ದಾರಿ ಒಂದಿತ್ತು, ಒಂದೂರಿಂದ ಇನ್ನೊಂದೂರಿಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದ್ರೂ ಕಾರ್ಡ್ ಬದಲಾಗ್ತಿತ್ತು ಡಬ್ಬ ಅದೇ ಇರ್ತಿತ್ತು. ನಮ್ಮಲ್ಲಿ ಡಬ್ಬ ಮನೆಯವರದ್ದೇ, ದುಡ್ಡೂ ಮನೆಯವರೇ ಕೊಟ್ಟಿದ್ದು, ಬೀಗದ ಕೈ ಮಾತ್ರ ಕಂಪನೀಲಿ. ಎರಡರಲ್ಲಿ ಯಾವುದು ವಾಸಿ ಅಂತ ಕೇಳಿದ್ರೆ ನಾನು ಯೋಚನೆ ಮಾಡದೆ ಕಾರ್ಡಿನ ದಾರಿನೇ ಅಂತೀನಿ.

ಬೆಂಗಳೂರು ಮೈಸೂರು ಎರಡೂ ಡಿಜಿಟಲ್ ಕೇಬಲ್‌ನ ಎರಡನೇ ಹಂತದಲ್ಲಿದ್ವು, 2013ರ ಮಾರ್ಚ್ 31 ಗಡುವು, ಆಗಲೇ ಮನೆಮನೆಗೂ ಡಬ್ಬ ಬಂದಿದ್ದು. ಆವತ್ತೇ ಬೀಗದ ಭಾಗವನ್ನ ಡಬ್ಬದಿಂದ ಬೇರೆ ಮಾಡಿಸಿದ್ದಿದ್ರೆ ಕೋಟ್ಯಂತರ ಡಬ್ಬ ಅಟ್ಟ ಸೇರ್ತಿರಲಿಲ್ಲ. ಡಿಟಿಎಚ್ ಲೈಸೆನ್ಸಿನಲ್ಲಿ ಒಂದು ಕಂಪನಿಯ ಡಬ್ಬ ಇನ್ನೊಂದು ಕಂಪನಿಗೂ ಹೊಂದಬೇಕು ಅನ್ನೋ ಷರತ್ತು ಮೊದಲಿಂದಾನೂ ಇದೆ, ಕಾಗದದ ಮೇಲೆ. 2020ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಕೂಡ ಶಿಫಾರಸು ಮಾಡ್ತು, ಟಿವಿಗೂ ಡಬ್ಬಕ್ಕೂ ಯುಎಸ್‌ಬಿ ಇಂಟರ್‌ಫೇಸ್ ಇರ್ಲಿ, ಬೀಗದ ಭಾಗ ಬೇರೆ ಪುಟ್ಟ ಮಾಡ್ಯೂಲ್ ಆಗ್ಲಿ, ಆಪರೇಟರ್ ಬದಲಾದ್ರೆ ಅದನ್ನಷ್ಟೇ ಬದಲಾಯಿಸ್ಕೊಳ್ಲಿ ಅಂತ. ಯೋಚನೆ ಚೆನ್ನಾಗಿದೆ, ಯೂರೋಪಿನಲ್ಲಿ ಟಿವಿ ಸೆಟ್ಟಲ್ಲೇ ಇಂಥ ಸ್ಲಾಟ್ ಎಷ್ಟೋ ವರ್ಷದಿಂದ ಇದೆ. 2011ರಿಂದ ದೇಶದಲ್ಲೆಲ್ಲಾ ಮೊಬೈಲ್ ನಂಬರ್ ಉಳಿಸ್ಕೊಂಡು ಕಂಪನಿ ಬದಲಾಯಿಸಬಹುದು, ಅದು ಆಗುತ್ತೆ ಅಂದ್ರೆ ಇದು ಯಾಕಾಗಬಾರದು ಹೇಳಿ. ಊರಿನ ಕೇಬಲ್‌ನವರಲ್ಲೂ ಈಗ ಫೈಬರ್ ಮೇಲೆ ಟಿವಿ ಕೊಡೋರು ಇದ್ದಾರೆ, ಅವರ ಮೋಡೆಮ್ ಡಬ್ಬದಲ್ಲೂ ಟಿವಿಗೆ ಅಂತ ಒಂದು ಕೋಆಕ್ಸ್ ತೂತಿರುತ್ತೆ, ಬೆಳಕೂ ಅದೇ 1550. ತಂತ್ರ ಒಂದೇ, ಬೀಗ ಹಾಕೋ ರೀತಿ ಬೇರೆ. ಹಾಗಾಗಿ ಅಲ್ಲಿ ಆಗಲ್ಲ ಅನ್ನೋಕೆ ತಂತ್ರದ ಕಾರಣ ಇಲ್ಲ.

ಈಗ ಕಂಪನಿಯ ಸರ್ವರ್‌ನಲ್ಲೇ ಇಡೋ ಕ್ಲೌಡ್ ರೆಕಾರ್ಡಿಂಗ್ ಇದೆಯಲ್ಲ ಸ್ವಂತ ಡಬ್ಬ ಯಾಕೆ ಬೇಕು ಅನ್ನೋರಿದ್ದಾರೆ, ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಇಂಟರ್ನೆಟ್ ಮೇಲೆ ಚಾನೆಲ್ ಕೊಡೋ ಯೂಟ್ಯೂಬ್ ಟಿವಿಯಲ್ಲಿ ಎಷ್ಟು ಬೇಕಾದ್ರೂ ರೆಕಾರ್ಡ್ ಮಾಡಿ ಅಂತಾರೆ, ಇಡೋದು ಒಂಬತ್ತು ತಿಂಗಳು. 2021ರ ಡಿಸೆಂಬರ್‌ನಲ್ಲಿ ಡಿಸ್ನಿ ಜೊತೆ ಒಪ್ಪಂದ ಮುರಿದು ಇಎಸ್‌ಪಿಎನ್, ಎಬಿಸಿ ಎಲ್ಲಾ ಹೋದಾಗ ಆ ಚಾನೆಲ್‌ಗಳಿಂದ ಜನ ರೆಕಾರ್ಡ್ ಮಾಡಿಟ್ಟಿದ್ದೂ ಕಾಣದ ಹಾಗಾಯ್ತು. ಎರಡು ದಿನದೊಳಗೆ ಸರಿಹೋಯ್ತು ನಿಜ, ಆದರೆ ಯಾರ ಕೈಲಿದೆ ಅನ್ನೋದು ಅಲ್ಲೇ ಗೊತ್ತಾಯ್ತಲ್ಲ. ನನ್ನ ಟೀವೋ ಒಳಗಿನ ಹಾರ್ಡ್ ಡಿಸ್ಕಲ್ಲಿರೋ ಮ್ಯಾಚ್ ಯಾವ ಒಪ್ಪಂದ ಮುರಿದ್ರೂ ಅಲ್ಲೇ ಇರುತ್ತೆ. ಮನೇಲಿ ನೋಡಕ್ಕೆ ರೆಕಾರ್ಡ್ ಮಾಡ್ಕೊಳೋದು ತಪ್ಪಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟು 1984ರಲ್ಲೇ, ಸೋನಿಯವರ ಬೀಟಾಮ್ಯಾಕ್ಸ್ ಕೇಸಲ್ಲಿ ಹೇಳಿಬಿಟ್ಟಿದೆ, ಐದಕ್ಕೆ ನಾಲ್ಕು ಮತದ ಅಂತರದಲ್ಲಿ. ಆ ಹಕ್ಕನ್ನ ನಾವೇ ತಿಂಗಳ ಚಂದಾ ಕೊಟ್ಟು ಬೇರೆಯವರ ಸರ್ವರ್‌ಗೆ ಒಪ್ಪಿಸ್ತಿದ್ದೀವಿ ಅನ್ನೋದು ನನಗೆ ನೋವಿನ ವಿಷಯ.

ಕೊರತೆಗಳನ್ನೂ ಹೇಳಬೇಕು. ಫೈಯೋಸ್‌ನವರ ಆನ್ ಡಿಮಾಂಡ್ ಸಿನಿಮಾಗಳು ಟೀವೋದಲ್ಲಿ ಬರಲ್ಲ, ಅದು ಮಾತ್ರ ಇಂಟರ್ನೆಟ್ ದಾರೀಲಿ ಅವರ ಡಬ್ಬಕ್ಕೇ ಹೋಗುತ್ತೆ. ಸಿಗ್ನಲ್ ಕೈ ಕೊಟ್ರೆ ಕಂಪನಿಯವರು ಟೀವೋ ಕಡೆ ಬೊಟ್ಟು ಮಾಡ್ತಾರೆ, ಟೀವೋದವರು ಕಂಪನಿ ಕಡೆ. ಹಾಗಾಗಿ ಸ್ವಲ್ಪ ವೈರು ಸಿಗ್ನಲ್ ಅಂತ ಆಸಕ್ತಿ ಇರೋರಿಗೆ ಸರಿ. ಟೀವೋಗೂ ಸುಮ್ನೆ ಅಲ್ಲ ದುಡ್ಡು, ರೋಮಿಯೋ ಕಾಲದಲ್ಲಿ ಆಜೀವ ಚಂದಾ 499.99 ಡಾಲರ್, ಡಬ್ಬದ ಬೆಲೆ ಬೇರೆ. ಕೇಳಿದ ತಕ್ಷಣ ಎದೆ ಧಸಕ್ಕೆನ್ನುತ್ತೆ, ಆದರೆ ವರ್ಷಕ್ಕೆ 231ರ ಪಕ್ಕ ಇಟ್ಟು ನೋಡಿ, ಡಬ್ಬ ಹತ್ತು ವರ್ಷ ಬಾಳಿಕೆ ಬಂದ್ರೆ ಲೆಕ್ಕ ಯಾವ ಕಡೆ ವಾಲುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಾರ್ಡ್ ಡಿಸ್ಕ್ ಹೋದ್ರೆ ನಾವೇ ಬಿಚ್ಚಿ ಹೊಸದು ಹಾಕಬಹುದು, ಬಾಡಿಗೆ ಡಬ್ಬಕ್ಕೆ ಸ್ಕ್ರೂ ಡ್ರೈವರ್ ಮುಟ್ಟಿಸೋ ಹಾಗಿಲ್ಲ.

ಬೇಜಾರಿನ ವಿಷಯ ಅಂದ್ರೆ 2025ರಲ್ಲಿ ಟೀವೋ ಕಂಪನಿ ರೆಕಾರ್ಡರ್ ಮಾರೋದನ್ನೇ ನಿಲ್ಲಿಸಿದೆ. ಇದ್ದ ಡಬ್ಬಗಳು ನಡೀತಿವೆ, ಹೊಸದು ಬೇಕು ಅಂದ್ರೆ ಸೆಕೆಂಡ್ ಹ್ಯಾಂಡೇ. ಜನಕ್ಕೆ ಬೇಡವಾಗಿತ್ತು ಅದಕ್ಕೇ ನಿಂತುಹೋಯ್ತು ಅಂತ ಹೇಳೋದನ್ನ ನಾನು ಒಪ್ಪಲ್ಲ. ಕಾರ್ಡ್ ಕೇಳಿದ್ರೆ ಫೋನಲ್ಲಿ ಅರ್ಧ ದಿನ ಕಳೆಯೋ ಹಾಗೆ ಮಾಡಿ, ನಿಯಮ ಒಂದೊಂದೇ ಸಡಿಲಿಸಿ, ಆಮೇಲೆ ನೋಡಿ ಯಾರೂ ಕೇಳ್ತಿಲ್ಲ ಅಂದ್ರೆ ಹೇಗೆ. ಆಂಟೆನಾದಲ್ಲಿ ಬರೋ ಬಿಟ್ಟಿ ಚಾನೆಲ್‌ಗಳಿಗೂ ಈಗ ಅದೇ ಶುರುವಾಗಿದೆ, ಹೊಸ ಎಟಿಎಸ್‌ಸಿ 3.0 ಪ್ರಸಾರಕ್ಕೆ ಬಹಳ ಸ್ಟೇಷನ್‌ಗಳು ಬೀಗ ಹಾಕಿವೆ, ಎಚ್‌ಡಿಹೋಮ್‌ರನ್ ತರದ ಸ್ವಂತ ಟ್ಯೂನರ್ ಇಟ್ಕೊಂಡೋರಿಗೆ ಅದನ್ನ ಬಿಡಿಸೋದೇ ಕಷ್ಟ ಆಗಿದೆ. ಇದು ಸರ್ಕಾರದ ತರಂಗದ ಮೇಲೆ ಬರೋ ಬಿಟ್ಟಿ ಟಿವಿ, ಇದಕ್ಕೂ ಬೀಗ ಅಂದ್ರೆ ಸಿಟ್ಟು ಬರದೆ ಇರುತ್ತಾ.

ಕರ್ನಾಟಕದಲ್ಲಿರೋರಿಗೆ ನನ್ನ ಮಾತು ಇಷ್ಟೇ, ಟ್ರಾಯ್ ಯಾವಾಗ ಸೆಟ್ ಟಾಪ್ ಬಾಕ್ಸ್ ಬಗ್ಗೆ ಅಭಿಪ್ರಾಯ ಕೇಳಿದ್ರೂ ಮಾಮೂಲಿ ಜನಾನೂ ಬರೆದು ಕಳಿಸಬಹುದು, ಕಳಿಸಿ. 2020ರ ಆ ಶಿಫಾರಸು ನಿಯಮ ಆಗಬೇಕು ಅಂತ ಕೇಳಿ, ನಿಯಮ ಮಾಡೋದಿದ್ರೆ ಕಂಪನಿಯ ಸ್ವಂತ ಡಬ್ಬಕ್ಕೂ ಅದೇ ಮಾಡ್ಯೂಲ್ ಕಡ್ಡಾಯ ಮಾಡಿ ಅಂತಾನೂ ಸೇರಿಸಿ, ಇಲ್ಲಿ 2007ರಿಂದ 2015ರವರೆಗೆ ಇದ್ದ ಹಾಗೆ. ಅದೊಂದು ಇಲ್ಲದೆ ಹೋದ್ರೆ ಉಳಿದದ್ದು ಎಷ್ಟು ಬರೆದ್ರೂ ನಡೆಯಲ್ಲ. ಇಲ್ಲಿ ಫೈಯೋಸ್ ಜೊತೆ ಟೀವೋ ಇಟ್ಕೊಂಡಿರೋ ಕನ್ನಡದವರು ಯಾರಾದ್ರೂ ಇದ್ರೆ, ಪ್ಲಾನ್ ಬದಲಾಯಿಸೋವಾಗ ಮೊದಲೇ ಬಾಯಿ ಬಿಟ್ಟು ಹೇಳಿ, ಕೇಬಲ್ ಕಾರ್ಡ್ ನನ್ನ ಅಕೌಂಟಲ್ಲೇ ಇರಬೇಕು ಅಂತ. ಹೊಸ ಬಿಲ್ ಬಂದಾಗ ಆ ಕಾರ್ಡಿನ ಸಾಲು ಅದರಲ್ಲಿ ಇದೆಯಾ ಅಂತ ಒಂದು ಸಲ ಕಣ್ಣಾಡಿಸಿ.