ಚಿತ್ರದ ಶ್ರೀಚಕ್ರದಲ್ಲಿ ಗೆರೆ ತಪ್ಪಿದೆ
ದೇವಿಯ ಪೂಜೆಗೆ ಬಳಸುವ ರೇಖಾಯಂತ್ರ ಶ್ರೀಚಕ್ರದ ಬಗ್ಗೆ ಬಂದ ಲೇಖನ ಅದರ 9 ತ್ರಿಕೋನಗಳ ಕುರಿತು ಹೇಳಿದ್ದೆಲ್ಲ ಸರಿ, ಲೇಖನದ ಜೊತೆಗಿರುವ ಚಿತ್ರ ಮಾತ್ರ ತಪ್ಪು. ಮರ್ಮಸ್ಥಾನಗಳು 18, ಅಲ್ಲೆಲ್ಲ ಮೂರು ಗೆರೆ ಒಂದೇ ಬಿಂದುವಿನಲ್ಲಿ ಕೂಡಲೇಬೇಕು. ಒಂದು ಗೆರೆ ಕೂದಲೆಳೆಯಷ್ಟು ಜಾರಿದರೂ ನಡುವೆ ಬೇಡದ ತ್ರಿಕೋನ ಹುಟ್ಟಿ, ಈ 9 ತ್ರಿಕೋನಗಳು ಹೆಣೆದು ಆಗುವ 43 ಚಿಕ್ಕ ತ್ರಿಕೋನಗಳ ಲೆಕ್ಕ ಕೆಡುತ್ತದೆ. ಬೆಳಗಾವಿ ಪೇಟೆಯಲ್ಲಿ ಶ್ರೀಚಕ್ರ ಕೊರೆದ ತಾಮ್ರದ ತಗಡು ಕೊಳ್ಳುವವರೂ ಮೊದಲು ಇದನ್ನೇ ನೋಡಿರಿ, ಹೊಳಪನ್ನಲ್ಲ.

ಕೈಯಿಂದ ಬರೆಯುವವರು ತ್ರಿಕೋನಗಳನ್ನು ಸುತ್ತುವ ವೃತ್ತದ ಲಂಬ ವ್ಯಾಸವನ್ನು 48 ಭಾಗ ಮಾಡಿ, ಮೇಲಿನಿಂದ 6, 12, 17, 20, 23, 27, 30, 36, 42ಕ್ಕೆ ಅಡ್ಡಗೆರೆ ಎಳೆಯಬೇಕು. 3 ಮತ್ತು 7ನೆಯ ಗೆರೆ ಮಾತ್ರ ವೃತ್ತವನ್ನು ಮುಟ್ಟುತ್ತವೆ, ಉಳಿದವನ್ನು ಎರಡೂ ತುದಿಗೆ ಸಮನಾಗಿ ಅಳಿಸಿ ಮೊಟಕು ಮಾಡಬೇಕು. ಎಡವುವುದು ಇಲ್ಲೇ. ಮೇಲಿನ ಐದು ಗೆರೆ ಕೆಳಮುಖ ಶಕ್ತಿ ತ್ರಿಕೋನಗಳ ಪಾದ, ಕೆಳಗಿನ ನಾಲ್ಕು ಮೇಲ್ಮುಖ ಶಿವ ತ್ರಿಕೋನಗಳದು. ಪೆನ್ಸಿಲ್ಲಿನ ಮೊನೆ ದಪ್ಪವಿದ್ದರೆ ಎಷ್ಟು ಅಳೆದರೂ ಕೂಡುವುದಿಲ್ಲ.