ಎಂಟರ ಗುಂಪು, ಒಂಬತ್ತರ ಗುಂಪು

ನಾವಿರುವುದು ಹೆಲ್ಸಿಂಕಿಯ ಪಕ್ಕದ ಎಸ್ಪೋದಲ್ಲಿ. ಮಗ ಎರಡನೇ ಕ್ಲಾಸು. ಆಗಸ್ಟಿನಲ್ಲಿ ಟೈಮ್‌ಟೇಬಲ್ ಬಂತು. ಮಂಗಳವಾರ ಅರ್ಧ ಮಕ್ಕಳು ಎಂಟಕ್ಕೆ ಬರಬೇಕು, ಉಳಿದವರು ಒಂಬತ್ತಕ್ಕೆ. ನಮ್ಮವನು ಒಂಬತ್ತರ ಪಟ್ಟಿಯಲ್ಲಿದ್ದ. ಎದೆ ಧಸಕ್ಕೆಂದಿತು. ಮೈಸೂರಲ್ಲಿ ಓದಿದವನಿಗೆ ಪಟ್ಟಿ ಎರಡಾದರೆ ಒಂದು ಜಾಣರದ್ದು, ಇನ್ನೊಂದು ದಡ್ಡರದ್ದು ಅಂತ ಯಾರಾದರೂ ಹೇಳಬೇಕಾ?

ಟೀಚರ್ ಹತ್ತಿರ ಹೋಗಿ, "ಇವನು ವೀಕಾ?" ಅಂತ ಕೇಳಿಯೇಬಿಟ್ಟೆ. ಪಾಪ, ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೆಳಗ್ಗೆ ಬಂದವರು ಮೊದಲು ಹೋಗುತ್ತಾರೆ, ತಡವಾಗಿ ಬಂದವರು ಒಂದು ಗಂಟೆ ಜಾಸ್ತಿ ಇರುತ್ತಾರೆ. ಆ ಒಂದೊಂದು ಗಂಟೆ ಟೀಚರ್ ಮುಂದೆ ಅರ್ಧ ಕ್ಲಾಸು ಮಾತ್ರ. ಒಬ್ಬೊಬ್ಬರ ಪಕ್ಕ ಕೂತು ಓದಿಸಬಹುದು. ಅಷ್ಟೇ ವಿಷಯ.

ಸಾಲ ತಂದು ಕಳೆಯುವ ಲೆಕ್ಕ ಬಂದಾಗ ಮಗ ಸಿಕ್ಕಿಕೊಂಡ. ಹಿಂದೆ ಬಿದ್ದ ಮಕ್ಕಳಿಗೆಂದೇ ಶಾಲೆಯಲ್ಲಿ ಇನ್ನೊಬ್ಬ ಟೀಚರ್ ಇದ್ದಾರೆ. ನಾಲ್ವರನ್ನು ಕೂರಿಸಿಕೊಂಡು ಹತ್ತರ ಕೋಲೊಂದನ್ನು ಕೊಟ್ಟು, ಹತ್ತು ಬಿಡಿಯಾಗಿ ಚಿಲ್ಲರೆ ಮಾಡಿಸಿದರಂತೆ. ಮೂರನೇ ವಾರಕ್ಕೆ ಹುಡುಗ ಅಡುಗೆಮನೆಯಲ್ಲಿ ನನಗೇ ಪಾಠ ಶುರು ಮಾಡಿದ. ಯಾರೂ ಅವನನ್ನು ದಡ್ಡ ಅಂದಿರಲಿಲ್ಲ.

ನಮ್ಮ ಕ್ಲಾಸಿನಲ್ಲಿ ಅರವತ್ತು ಜನ. "ಹದಿಮೂರೇಳ್ಲ ಎಷ್ಟೋ?" ಅಂತ ಕೇಳಿ, ತಡವರಿಸಿದವನನ್ನು ಕೊನೆ ಬೆಂಚಿಗೆ ಅಟ್ಟುತ್ತಿದ್ದರು. ನಾನು ಎರಡು ವರ್ಷ ಅಲ್ಲೇ ಇದ್ದೆ. ಅಲ್ಲಿಂದ ಬೋರ್ಡು ಕಾಣುತ್ತಿರಲಿಲ್ಲ. ಕಣ್ಣು ಮಂಜಾಗಿದೆ ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಬಡಾಯಿ ಕೊಚ್ಚಿದೆ. ಅವಳು ಎಚ್.ಡಿ. ಕೋಟೆ ಕಡೆ ಸರ್ಕಾರಿ ಶಾಲೆ ಟೀಚರ್. ಸುಮ್ನೆ ಕೇಳಿಸಿಕೊಂಡು, "ನಲಿ ಕಲಿ ಶುರುವಾಗಿದ್ದೇ ನಮ್ಮ ತಾಲೂಕಲ್ಲಿ ಕಣೋ, 1995ರಲ್ಲಿ" ಅಂದಳು. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ಪದ್ಧತಿ ಅದು. ಕಾರ್ಡುಗಳು, ಕಲಿಕೆಯ ಏಣಿ, ಗುಂಪು ಗುಂಪಾಗಿ ಕೂರುವುದು, ಯಾರ ಮೆಟ್ಟಿಲು ಅವರಿಗೆ. ಅಕ್ಷರವೂ ಅ ಆ ಇ ಈ ಅಂತ ಅಲ್ಲ, ರ ಗ ಸ ದ ಅ ಅಂತ ಶುರು. ನಾಲ್ಕು ಅಕ್ಷರ ಬಂದರೆ 'ಸರ', 'ಗರಗಸ' ಓದಬಹುದು ಅಂತ. ಹಿಂದೊಮ್ಮೆ ಇದನ್ನು ಕೇಳಿ ನಕ್ಕವನು ನಾನೇ. ಖಾಸಗಿ ಶಾಲೆಯಲ್ಲಿ ಓದಿದ ಜಂಬ.

ಹಾಗಾಗಿ ನಮ್ಮವರಿಗೆ ಗೊತ್ತೇ ಇಲ್ಲ ಅನ್ನುವಂತಿಲ್ಲ, ಒಪ್ಪಿದೆ. ಆದರೆ ಅಕ್ಕ ಒಬ್ಬಳೇ ಒಂದೇ ಕೋಣೆಯಲ್ಲಿ ಮೂರು ಕ್ಲಾಸು ನೋಡಿಕೊಳ್ಳಬೇಕು. ನಡುವೆ ಬಿಸಿಯೂಟದ ಲೆಕ್ಕ, ಗಣತಿ ಕೆಲಸ. ಇಲ್ಲಿನ ಟೀಚರಮ್ಮನನ್ನು ಒಂದು ವಾರ ಅಲ್ಲಿ ಬಿಟ್ಟರೆ ಏನು ಮಾಡುತ್ತಾರೋ ನೋಡಬೇಕು.

"ಬರುವಾಗ ಆ ಹತ್ತರ ಕೋಲಿನ ಡಬ್ಬಿ ಒಂದು ತಗೊಂಡು ಬಾ" ಅಂದಳು ಅಕ್ಕ. "ಹುಣಸೆ ಬೀಜ ಎಷ್ಟು ಕೊಟ್ಟರೂ ಮಧ್ಯಾಹ್ನದೊಳಗೆ ಹುಡುಗರ ಜೇಬು ಸೇರಿರುತ್ತೆ."