ಹೆಸರು ಒದರ್ರಿ, ರೊಕ್ಕ ತಗೋರಿ

ಹಾವೇರಿ ಕಡೆ ಜಾತ್ರೆ ನಾಟಕ ನೋಡಿದವರಿಗೆ ಇದು ಗೊತ್ತು. ನಾಯಕಿ ಗಂಡನ ಹೆಣದ ಮುಂದೆ ಕೂತು ಅಳ್ತಿರ್ತಾಳೆ. ಪೆಟ್ಟಿಗೆ ಮಾಸ್ತರ ಸುರ ಎಳೀತಿರ್ತಾನೆ. ಅಷ್ಟರಲ್ಲಿ ಮೈಕು: 'ನಾಯಕಿ ಪಾತ್ರ ಮೆಚ್ಚಿ ಊರಿನ ಗಣ್ಯರಿಂದ ನೂರಾ ಒಂದು ರೂಪಾಯಿ ಕಲಾ ಕಾಣಿಕೆ!' ಅಳು ನಿಲ್ಲುತ್ತದೆ. ಗಣ್ಯರು ಸ್ಟೇಜ್ ಹತ್ತಿ ನೋಟು ಕೊಡುತ್ತಾರೆ. ಹೆಣವೂ ಒಂದು ಕಣ್ಣು ತೆರೆದು ನೋಡುತ್ತದೆ, ತನಗೇನಾದರೂ ಇದೆಯಾ ಅಂತ. ಫೋಟೊ ಆದ ಮೇಲೆ ಅಳು ಮತ್ತೆ ಶುರು.

ಹೀಗೆ ಹತ್ತಾರು ಮಂದಿಯಿಂದ ಚೂರುಚೂರು ರೊಕ್ಕ ಕೂಡಿಸೋದಕ್ಕೇ ಈಗ ಆನ್‌ಲೈನಿನಲ್ಲಿ ಕ್ರೌಡ್ ಫಂಡಿಂಗ್ ಅಂತಾರೆ.

ಹುಬ್ಬಳ್ಳಿಯ ನಾಲ್ಕು ಹುಡುಗರು ಕಿರುಚಿತ್ರಕ್ಕೆ ಅಂತ ಲಿಂಕ್ ಹರಿಬಿಟ್ಟರು. ಕತೆ ಹೇಳಿದರು, ಕ್ಯಾಮೆರಾ ಬಾಡಿಗೆ, ಊಟದ ಖರ್ಚು ಎಲ್ಲಾ ಲೆಕ್ಕ ಕೊಟ್ಟರು. ವಾರವಾದರೂ ಒಂದು ಪೈಸೆ ಬರಲಿಲ್ಲ. ಖಾಲಿ ಖಾನಾವಳಿಗೆ ಯಾರೂ ಕಾಲಿಡಲ್ಲ, ಅಲ್ವಾ? ಕೊನೆಗೆ ನಿರ್ದೇಶಕನ ಸೋದರಮಾವನೇ 'ಕಲಾಭಿಮಾನಿ' ಆಗಿ ಐದು ಸಾವಿರ ಹಾಕಿದ. ಮರುದಿನ ಹುಡುಗರು ಒಂದು ಸಾಲು ಸೇರಿಸಿದರು: 500 ಕೊಟ್ಟರೆ ಪರದೆ ಮೇಲೆ ಹೆಸರು, 1000 ಕೊಟ್ಟರೆ ದಪ್ಪ ಅಕ್ಷರ. ಆಮೇಲೆ ನೋಡಿ, ಫೋನ್‌ಪೇಗೆ ಪುರಸೊತ್ತೇ ಇಲ್ಲ.

ಕೇಳಿದರೆ ಎಲ್ಲರೂ 'ಕಲೆ ಉಳೀಬೇಕ್ರಿ' ಅನ್ನೋರೇ. ಕತೆ ಏನು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. 'ಹೆಸರಿನ ಮುಂದ ಶ್ರೀ ಹಾಕ್ತೀರೋ ಇಲ್ಲೋ?' 'ನಮ್ಮ ಕಾಕಾನ ಹೆಸರಿಗಿಂತ ಮ್ಯಾಲೆ ಬರಬೇಕು ನೋಡ್ರಿ.' 'ಊರು ಧಾರವಾಡ ಅಂತ ಬರೀರಿ, ಹುಬ್ಬಳ್ಳಿ ಬ್ಯಾಡ.'

ನಮ್ಮವರೊಬ್ಬರೇ ಹೀಗೆ ಅನ್ನಬೇಡಿ. 2014ರಲ್ಲಿ ಅಮೆರಿಕದ ಓಹಾಯೋದವನೊಬ್ಬ ಆಲೂಗಡ್ಡೆ ಸಲಾಡ್ ಮಾಡ್ತೀನಿ, 10 ಡಾಲರ್ ಬೇಕು ಅಂತ ಕಿಕ್‌ಸ್ಟಾರ್ಟರ್ ಅನ್ನೋ ಕ್ರೌಡ್ ಫಂಡಿಂಗ್ ವೆಬ್‌ಸೈಟಿನಲ್ಲಿ ಕೇಳಿದ. 55 ಸಾವಿರ ಡಾಲರಿಗೂ ಜಾಸ್ತಿ ಬಂತು. 1 ಡಾಲರ್ ಕೊಟ್ಟವರಿಗೆ ಏನು ಭಾಗ್ಯ? ಸಲಾಡ್ ಮಾಡುವಾಗ ಅವರ ಹೆಸರನ್ನು ಜೋರಾಗಿ ಹೇಳುವುದು! ನಮ್ಮ ಜಾತ್ರೆಯ ಮೈಕು ಅಲ್ಲಿಗೂ ಮುಟ್ಟಿದೆ.

ಪಾಪ, ಗುಜರಾತಿನ ಹಾಲಿನ ರೈತರಿಗೆ ಈ ಗುಟ್ಟು ಗೊತ್ತಿರಲಿಲ್ಲ. 1976ರ 'ಮಂಥನ್' ಚಿತ್ರಕ್ಕೆ 5 ಲಕ್ಷ ಮಂದಿ ತಲಾ 2 ರೂಪಾಯಿ ಕೊಟ್ಟರು. ಪರದೆ ಮೇಲೆ ಅವರಿಗೆ ಸಿಕ್ಕಿದ್ದು ಒಂದೇ ಸಾಲು, ಗುಜರಾತಿನ 5 ಲಕ್ಷ ರೈತರು ಅಂತ. ಆದರೂ ಲಾರಿ ಹತ್ತಿ ಬಂದು ಸಿನಿಮಾ ನೋಡಿದರು. ರೊಕ್ಕ ಕೊಟ್ಟ ತಪ್ಪಿಗೆ ಸಿನಿಮಾನೂ ನೋಡೋದಾ? ಎಂಥಾ ಮುಗ್ಧರು!

ನಮ್ಮ ಹುಡುಗರ ಚಿತ್ರವೂ ಮುಗಿಯಿತು. ಕತೆ 9 ನಿಮಿಷ, ಹೆಸರುಗಳು 11 ನಿಮಿಷ. ಯೂಟ್ಯೂಬಿಗೆ ಹಾಕಿ, ಕೊಟ್ಟವರಿಗೆಲ್ಲ ವಾಟ್ಸಾಪ್ ಮಾಡಿದರು. ಐದೇ ಸೆಕೆಂಡಿಗೆ ಮೊದಲ ಉತ್ತರ ಬಂತು:

'ಭಾಳ ಛಲೋ ಬಂದದ ತಮ್ಮಾ. ನನ್ನ ಹೆಸರು ಎಷ್ಟನೇ ನಿಮಿಷಕ್ಕ ಬರ್ತದ?'